ಹನ್ನೆರಡನೇ ಚೌಕ

“ಕ್ಯಾನ್ ಯು ವಿಸಲ್?”

“ಯೆಸ್, ಐ ಕ್ಯಾನ್!”

“ಶೋ ಮಿ! ಶೋ ಮಿ!”

ಕಿಟಕಿ ಪಕ್ಕದ ಹುಡುಗ ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಒಂದು ಶಿಳ್ಳೆ ಹೊಡೆದ. ಪಕ್ಕದ ಕ್ಲಾಸಿನಿಂದ ಗಣಿತದ ಸರ್ ಓಡಿಬಂದು ಬಾಗಿಲಲ್ಲಿ ಇಣುಕಿದರು. ಇವತ್ತು ಶುಕ್ರವಾರ ಎಂದು ನೆನಪಾಗಿ, ಹಣೆ ಚಚ್ಚಿಕೊಂಡು ವಾಪಸ್ ಹೋದರು.

ಶುಕ್ರವಾರದ ಕೊನೆಯ ಪೀರಿಯಡ್ ಅಂದರೆ ಇಂಗ್ಲಿಷ್ ಮಿಸ್ ಆಟ ಆಡಿಸುವ ಪೀರಿಯಡ್. ಎಂಟನೇ ಕ್ಲಾಸಿನ ಮೂವತ್ತು ಮಕ್ಕಳು ಬೆಂಚುಗಳ ನಡುವೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಓಡಾಡುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ. ಹಾಳೆಯಲ್ಲಿ ಹನ್ನೆರಡು ಚೌಕ. ಪ್ರತಿ ಚೌಕದಲ್ಲೂ ಒಂದು ಇಂಗ್ಲಿಷ್ ಸಾಲು. ಶಿಳ್ಳೆ ಹೊಡೆಯಲು ಬರುವವರನ್ನು ಹುಡುಕು. ಹಸಿ ಈರುಳ್ಳಿ ಕಚ್ಚಿ ತಿನ್ನುವವರನ್ನು ಹುಡುಕು. ಇವತ್ತು ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ಬಂದವರನ್ನು ಹುಡುಕು.

ಎದುರು ಸಿಕ್ಕವರನ್ನು ತಡೆದು ಇಂಗ್ಲಿಷಿನಲ್ಲಿ ಕೇಳಬೇಕು. ಅವರು ‘ಯೆಸ್’ ಅಂದರೆ ಆ ಚೌಕದಲ್ಲಿ ಅವರ ಸಹಿ ಹಾಕಿಸಿಕೊಳ್ಳಬೇಕು. ಹನ್ನೆರಡೂ ಚೌಕ ಮೊದಲು ತುಂಬಿಸಿದವರು ಗೆದ್ದ ಹಾಗೆ. ಮಧ್ಯೆ ಬಾಯಿ ತಪ್ಪಿ ಮನೆಮಾತು ಬಂದರೆ ಜೈಲು. ಜೈಲು ಅಂದರೆ ಕಸದ ಬುಟ್ಟಿಯ ಪಕ್ಕದ ಮೂಲೆ. ಅಲ್ಲಿ ಒಂದು ನಿಮಿಷ ಗೋಡೆಗೆ ಒರಗಿ ನಿಲ್ಲಬೇಕು.

ಗೆದ್ದವರಿಗೆ ಸಿಗುವುದು ಚಾಕಲೇಟ್ ಅಲ್ಲ, ಅದಕ್ಕಿಂತ ದೊಡ್ಡದು. ಮುಂದಿನ ಶುಕ್ರವಾರದ ಹಾಳೆಯನ್ನು ಅವರೇ ಬರೆಯಬಹುದು. ಆಟ ನಡೆಯುವಾಗ ಮಿಸ್ ಕುರ್ಚಿಯ ಮೇಲೆ ಕೂರಬಹುದು. ಮಿಸ್ ಕೊರಳಿನ ವಿಸಲ್ ತಮ್ಮ ಕೊರಳಿಗೆ ಹಾಕಿಕೊಳ್ಳಬಹುದು.

ಇವತ್ತು ಆ ಕುರ್ಚಿಯ ಮೇಲೆ ಕೂತಿದ್ದವಳು ವಕೀಲಮ್ಮ.

ಅದು ಅವಳ ತಾತ ಇಟ್ಟ ಅಡ್ಡಹೆಸರು. ಹಾಲು ಕುಡಿ ಅಂದರೆ ಯಾಕೆ ಕುಡಿಯಬಾರದು ಎಂಬುದಕ್ಕೆ ಅವಳ ಬಳಿ ಮೂರು ಕಾರಣ ಇರುತ್ತಿದ್ದವು. ಮಲಗು ಅಂದರೆ ನಾಲ್ಕು. ಅವಳ ಜೊತೆ ವಾದ ಮಾಡಿ ಗೆದ್ದವರು ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ಬೇರೆ ಸ್ಕೂಲಿನಲ್ಲಿದ್ದರು.

ಏಳು ಶುಕ್ರವಾರ ಸೋತು, ಎಂಟನೇ ಶುಕ್ರವಾರ ಅವಳು ಗೆದ್ದಿದ್ದಳು. ಆಮೇಲೆ ಇಡೀ ವಾರ ಕೂತು ಈ ಹಾಳೆ ಬರೆದಿದ್ದಳು. ತನ್ನ ಆಟವೇ ಎಲ್ಲಕ್ಕಿಂತ ಚೆನ್ನಾಗಿರುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಈಗ ಕಾಲಿನ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದಳು. ಈರುಳ್ಳಿ ತಿನ್ನುವವನ ಸುತ್ತ ಕ್ಯೂ. ಕಾಲುಚೀಲದ ಹುಡುಗಿ ಪ್ಯಾಂಟ್ ಮಡಚಿ ಬೆಂಚ್ ಹತ್ತಿಯೇ ನಿಂತುಬಿಟ್ಟಿದ್ದಳು. ಮಿಸ್ ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದರು.

ಆದರೆ ಇದ್ದಕ್ಕಿದ್ದಂತೆ ಗದ್ದಲ ಕಡಿಮೆಯಾಯಿತು. ಓಡುತ್ತಿದ್ದವರು ನಿಂತರು. ನಿಂತವರು ತಮ್ಮ ಹಾಳೆ ನೋಡಿಕೊಂಡರು. ಎಲ್ಲರ ಹಾಳೆಯಲ್ಲೂ ಹನ್ನೊಂದು ಸಹಿ ಬಿದ್ದಿತ್ತು. ಎಲ್ಲರ ಹಾಳೆಯಲ್ಲೂ ಹನ್ನೆರಡನೇ ಚೌಕ ಖಾಲಿ.

“ಡೂ ಯು ಸ್ಲೀಪ್ ವಿತ್ ಎ ಟಾಯ್?”

“ನೋ, ಐ ಡೋಂಟ್.”

“ಡೂ ಯು ಸ್ಲೀಪ್ ವಿತ್ ಎ ಟಾಯ್?”

“ಮಿ? ನೋ, ನೋ, ನೋ!”

ರಾತ್ರಿ ಆಟದ ಸಾಮಾನನ್ನು ಪಕ್ಕದಲ್ಲಿಟ್ಟುಕೊಂಡು ಮಲಗುವವರನ್ನು ಹುಡುಕು. ಅದೇ ಹನ್ನೆರಡನೇ ಸಾಲು. ಆಟ ಐದೇ ನಿಮಿಷಕ್ಕೆ ಮುಗಿದುಹೋಗಬಾರದು ಎಂದು ವಕೀಲಮ್ಮ ಬೇಕೆಂದೇ ಒಂದು ಕಷ್ಟದ ಸಾಲು ಇಟ್ಟಿದ್ದಳು. ಬೆಳಿಗ್ಗೆ ಹಾಳೆ ಓದುವಾಗ ಮಿಸ್ ಇದರ ಮೇಲೆ ಬೆರಳಿಟ್ಟು ಕೇಳಿದ್ದರು. “ಇದನ್ನ ಯಾರಾದ್ರೂ ಒಪ್ಕೋತಾರಾ?”

“ಒಪ್ಕೊಂಡೇ ಒಪ್ಕೋತಾರೆ ಮಿಸ್! ಒಬ್ಬರಂತೂ ಇದ್ದಾರೆ, ನಂಗೊತ್ತು,” ಎಂದಿದ್ದಳು ವಕೀಲಮ್ಮ.

ಆ ಒಬ್ಬರು ಈಗ ಕರಿಹಲಗೆಯ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದರು.

ಅವಳು ಗೋಡೆ. ಸ್ಕೂಲಿನ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಚೆಂಡು ಅವಳನ್ನು ದಾಟಿ ಹೋಗುವುದೇ ಇಲ್ಲ, ಅದಕ್ಕೇ ಆ ಹೆಸರು. ಒಂಬತ್ತನೇ ಕ್ಲಾಸಿನ ಹುಡುಗರೂ ಅವಳ ಮುಂದೆ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ವಕೀಲಮ್ಮನಿಗೆ ಅವಳು ಒಂದನೇ ಕ್ಲಾಸಿನಿಂದಲೂ ಪಕ್ಕದ ಸೀಟಿನವಳು.

ಎರಡು ತಿಂಗಳ ಹಿಂದೆ ಒಂದು ಸಂಜೆ ಗೋಡೆ ವಕೀಲಮ್ಮನ ಮನೆಯವರ ಲಾಂಡ್ರಿ ಅಂಗಡಿಗೆ ಬಂದಿದ್ದಳು. ವಕೀಲಮ್ಮನ ಅಮ್ಮ ಒಳಗೆ ಇಸ್ತ್ರಿ ಮಾಡುತ್ತಿದ್ದರು, ವಕೀಲಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಎಂದು ಎರಡು ಸಲ ನೋಡಿಕೊಂಡು, ಗೋಡೆ ಬ್ಯಾಗಿನಿಂದ ಒಂದು ಪೇಪರ್ ಪೊಟ್ಟಣ ತೆಗೆದಳು. ಒಳಗೆ ಒಂದು ಉಣ್ಣೆಯ ಮೊಲ. ಬೂದುಬಣ್ಣಕ್ಕೆ ತಿರುಗಿತ್ತು. ಒಂದು ಕಿವಿ ದಾರದಲ್ಲಿ ಜೋತಾಡುತ್ತಿತ್ತು.

“ಆಂಟಿ, ಇದನ್ನ ಒಗೆದು ಹೊಲಿದು ಕೊಡ್ತೀರಾ? ನಾಳೆನೇ ಬೇಕಿತ್ತು. ಇದಿಲ್ದೆ ನಂಗೆ ನಿದ್ದೆ ಬರಲ್ಲ,” ಎಂದಿದ್ದಳು. ಎಂಟು ಅಡಿ ಎತ್ತರದ ಗೋಲ್‌ಪೋಸ್ಟ್ ಕಾಯುವವಳ ಧ್ವನಿ ಆವತ್ತು ಪಿಸುಮಾತಿಗೆ ಇಳಿದಿತ್ತು.

ಅಮ್ಮ ನಗಲಿಲ್ಲ. ಮೊಲವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಬಿಸಿನೀರು ಬೇಡ, ಬಣ್ಣ ಹೋಗುತ್ತೆ. ಕೈಯಲ್ಲೇ ಒಗೀತೀನಿ ಮಗಳೇ,” ಎಂದರು. ಚೀಟಿಯಲ್ಲಿ ಮೊಲ ಎಂದು ಬರೆಯದೆ ‘ಉಣ್ಣೆ, ಒಂದು’ ಎಂದಷ್ಟೇ ಬರೆದು, ಎಲ್ಲಕ್ಕಿಂತ ಹಿಂದಿನ ಕಪಾಟಿನಲ್ಲಿ ಇಟ್ಟರು.

ಹಾಳೆ ಬರೆಯುವಾಗ ವಕೀಲಮ್ಮನಿಗೆ ಅದೆಲ್ಲ ನೆನಪಿತ್ತು. ನೆನಪಿದ್ದದ್ದರಿಂದಲೇ ಬರೆದಿದ್ದಳು. ಹೆಸರೇನೂ ಹಾಕಿಲ್ಲವಲ್ಲ! ಗೋಡೆ ನಗುತ್ತಾ ಒಂದು ‘ಯೆಸ್’ ಅಂದುಬಿಡುತ್ತಾಳೆ, ಎಲ್ಲರೂ ಹೋ ಎಂದು ನಕ್ಕು ಸಹಿ ಹಾಕಿಸಿಕೊಳ್ಳುತ್ತಾರೆ, ಅಷ್ಟೇ ಎಂದುಕೊಂಡಿದ್ದಳು.

ಗೋಡೆ ನಗುತ್ತಿರಲಿಲ್ಲ.

“ಡೂ ಯು ಸ್ಲೀಪ್ ವಿತ್ ಎ ಟಾಯ್?” ಯಾರೋ ಅವಳನ್ನು ಕೇಳಿದರು.

“ನೋ. ಐ ಡೋಂಟ್,” ಎಂದಳು ಗೋಡೆ. ಕಣ್ಣು ಮಾತ್ರ ವಕೀಲಮ್ಮನ ಮೇಲಿಂದ ಕದಲಲಿಲ್ಲ.

ವಕೀಲಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಹಾಕಿದ್ದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು.

“ಎಲ್ಲಾರೂ ನೋ ಅಂದ್ರೆ ಹೇಗೆ? ಒಬ್ರಾದ್ರೂ ಸುಳ್ಳು ಹೇಳ್ತಿದ್ದಾರೆ!” ಎಂದು ಕೂಗಿದವನು ಸ್ಪೀಕರ್. ಅವನ ಗಂಟಲಿಗೆ ಮೈಕ್ ಬೇಕಿಲ್ಲ, ಅದಕ್ಕೇ ಆ ಹೆಸರು.

“ಮನೆಮಾತು! ಜೈಲು!” ಎಂದು ನಾಲ್ಕು ಜನ ಅವನನ್ನು ಕಸದ ಬುಟ್ಟಿಯ ಹತ್ತಿರ ತಳ್ಳಿದರು. ಜೈಲಿಗೆ ಹೋದರೂ ಅವನ ಬಾಯಿ ನಿಲ್ಲಲಿಲ್ಲ. ಅಲ್ಲಿಂದಲೇ ಬೆರಳು ತೋರಿಸಿ ಹೇಳಿದ. “ಬರೆದಿದ್ದು ವಕೀಲಮ್ಮ ತಾನೇ? ಅವಳಿಗೆ ಚೆನ್ನಾಗಿ ಗೊತ್ತಿರೋರು ಯಾರು ನೋಡ್ರೋ! ಅವಳ ಮನೆಗೆ ಹೋಗಿ ಬರೋರು ಯಾರು?”

ಜೈಲಿನಿಂದ ಹೊರಟ ಮಾತು ಇಡೀ ಕ್ಲಾಸನ್ನು ಸುತ್ತಿತು. ಒಂದು ತಲೆ ಗೋಡೆಯ ಕಡೆ ತಿರುಗಿತು. ಆಮೇಲೆ ಇನ್ನೆರಡು. ಆಮೇಲೆ ಎಲ್ಲವೂ.

“ಡೂ ಯು? ರಿಯಲಿ ಡೋಂಟ್ ಯು?” ಎಂದು ಒಬ್ಬಳು ಗೋಡೆಯ ಮುಖದ ಹತ್ತಿರಕ್ಕೇ ಹೋಗಿ ಕೇಳಿದಳು.

“ಐ ಸೆಡ್ ನೋ.”

ಅವಳ ಕಿವಿಯ ತುದಿ ಕೆಂಪಗಾಗಿತ್ತು. ಪೆನಾಲ್ಟಿ ಕಿಕ್ ಬರುವಾಗಲೂ ಅವಳು ಹೀಗೆ ಮೈ ಬಿಗಿ ಹಿಡಿದು ನಿಂತದ್ದನ್ನು ವಕೀಲಮ್ಮ ನೋಡಿರಲಿಲ್ಲ.

“ಫೈವ್ ಮಿನಿಟ್ಸ್!” ಎಂದರು ಮಿಸ್, ಹಿಂದಿನಿಂದ. “ರಿಮೆಂಬರ್ ದ ರೂಲ್!”

ಆ ರೂಲ್ ವಕೀಲಮ್ಮನಿಗೆ ಈಗಷ್ಟೇ ನೆನಪಾಯಿತು.

ಅದು ಬಂದದ್ದೇ ಸ್ಪೀಕರ್‌ನಿಂದ. ಅವನು ಕುರ್ಚಿ ಗೆದ್ದಾಗ ‘ಚಂದ್ರನ ಮೇಲೆ ನಡೆದು ಬಂದವರನ್ನು ಹುಡುಕು’ ಎಂದು ಒಂದು ಸಾಲು ಬರೆದಿದ್ದ. ಪಾಪ, ಎಲ್ಲರೂ ಪೀರಿಯಡ್ ಪೂರ್ತಿ ಒಬ್ಬರನ್ನೊಬ್ಬರು ಕೇಳುತ್ತಾ ಸುತ್ತಿದ್ದೇ ಸುತ್ತಿದ್ದು. ಅವತ್ತಿನಿಂದ ಮಿಸ್ ಹೊಸ ರೂಲ್ ಮಾಡಿದ್ದರು. ಒಂದು ಚೌಕ ಯಾರ ಹಾಳೆಯಲ್ಲೂ ತುಂಬದಿದ್ದರೆ, ಗಂಟೆ ಹೊಡೆದ ಮೇಲೆ ಬರೆದವರು ಎದ್ದು ನಿಂತು ‘ನಾನು ಇಂಥವರನ್ನು ನೆನೆದು ಬರೆದೆ’ ಎಂದು ಹೆಸರು ಹೇಳಬೇಕು. ಹೆಸರಿಲ್ಲದಿದ್ದರೆ ಅದು ಸುಳ್ಳು ಸಾಲು. ಸುಳ್ಳು ಸಾಲು ಬರೆದವರಿಗೆ ವರ್ಷ ಮುಗಿಯುವವರೆಗೆ ಕುರ್ಚಿ ಇಲ್ಲ.

ಇದಕ್ಕೆ ವಕೀಲಮ್ಮನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು.

ಅವಳ ತಲೆ ಲಗುಬಗೆಯಿಂದ ಕಾರಣ ಹುಡುಕತೊಡಗಿತು. ನಾನು ಹೆಸರು ಬರೆದಿಲ್ಲ. ಮೊಲ ಅಂತಲೂ ಬರೆದಿಲ್ಲ, ಟಾಯ್ ಅಂತ ಮಾತ್ರ ಬರೆದಿದ್ದೇನೆ. ಅವಳು ಯೆಸ್ ಅಂದುಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮರೆತುಹೋಗುತ್ತಿತ್ತು. ಮೊಲ ಇಟ್ಟುಕೊಂಡು ಮಲಗುವುದೇನು ಕಳ್ಳತನವೇ?

ಎಲ್ಲವೂ ಸರಿಯಾದ ಕಾರಣಗಳೇ. ಮನೆಯಲ್ಲಿ ತಾತನ ಮುಂದೆ ಹೇಳಿದ್ದರೆ ಗೆದ್ದೇಬಿಡುತ್ತಿದ್ದಳು. ಆದರೆ ಕರಿಹಲಗೆಯ ಹತ್ತಿರ ನಿಂತಿದ್ದ ಗೋಡೆಯ ಮುಖ ನೋಡಿದರೆ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಗಂಟೆ ಹೊಡೆಯಿತು.

ಯಾರೂ ಬ್ಯಾಗಿಗೆ ಕೈ ಹಾಕಲಿಲ್ಲ. ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಜೈಲಿನಿಂದ ಬಿಡುಗಡೆಯಾಗಿದ್ದ ಸ್ಪೀಕರ್ ಬೆಂಚು ಬಡಿಯತೊಡಗಿದ. “ನೇಮ್! ನೇಮ್! ನೇಮ್!”

ವಕೀಲಮ್ಮ ಎದ್ದು ನಿಂತಳು. ಗೋಡೆ ತಲೆ ತಗ್ಗಿಸಿ ತನ್ನ ಹಾಳೆಯನ್ನು ಮಡಚುತ್ತಿದ್ದಳು. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಇನ್ನು ಮಡಚಲು ಆಗದಷ್ಟು ಚಿಕ್ಕದು ಮಾಡಿದ್ದಳು.

“ದೇರ್ ಈಸ್ ನೋಬಡಿ,” ಎಂದಳು ವಕೀಲಮ್ಮ. ಧ್ವನಿ ಸಣ್ಣದಾಯಿತು ಅನ್ನಿಸಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. “ನೋಬಡಿ. ಐ ರೋಟ್ ಎ ಫಾಲ್ಸ್ ಲೈನ್.”

“ಊಊಊ!” ಎಂದಿತು ಕ್ಲಾಸು. ಯಾರೋ ಪೇಪರ್ ಉಂಡೆ ಎಸೆದರು. “ಚಂದ್ರ! ಚಂದ್ರ! ಇನ್ನೊಬ್ಳು ಬಂದ್ಲು!” ಎಂದು ಯಾರೋ ಕಿರುಚಿದರು.

ಮಿಸ್ ಮುಂದೆ ಬಂದರು. “ಆರ್ ಯು ಶೂರ್?”

“ಯೆಸ್, ಮಿಸ್.”

ಬೆಳಿಗ್ಗೆ ‘ಒಬ್ಬರಂತೂ ಇದ್ದಾರೆ’ ಎಂದವಳು ಇವಳೇ. ಮಿಸ್‌ಗೂ ಅದು ನೆನಪಿತ್ತು. ಅವರು ಅವಳನ್ನು ಒಂದು ಕ್ಷಣ ನೋಡಿದರು. ಬೇರೆ ಯಾರ ಕಡೆಗೂ ನೋಡಲಿಲ್ಲ. ಆಮೇಲೆ ಕೈ ಚಾಚಿದರು. ವಕೀಲಮ್ಮ ವಿಸಲ್ ತೆಗೆದು ಕೊಟ್ಟಳು.

“ಆ ಸಾಲು ನಾನೂ ಓದಿದ್ದೆ. ನಾನೂ ಯೋಚನೆ ಮಾಡ್ಬೇಕಿತ್ತು,” ಎಂದರು ಮಿಸ್, ಅವಳೊಬ್ಬಳಿಗೇ ಕೇಳುವಂತೆ. “ಆದ್ರೆ ರೂಲ್ ಅಂದ್ರೆ ರೂಲ್.”

“ಗೊತ್ತು ಮಿಸ್,” ಎಂದಳು ವಕೀಲಮ್ಮ. ಎಂಟು ಶುಕ್ರವಾರ ಕಾದ ಕುರ್ಚಿ ನಲವತ್ತು ನಿಮಿಷಕ್ಕೆ ಮುಗಿದುಹೋಯಿತು.

ಬ್ಯಾಗು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಗೋಡೆ ಗೇಟು ದಾಟಿ ಹೋಗಿದ್ದಳು. ವಕೀಲಮ್ಮ ಓಡಿದಳು. ಪೈಪು ಹಾಕಲು ಫುಟ್‌ಪಾತ್ ಅಗೆದಿದ್ದರು. ಮಣ್ಣಿನ ಗುಡ್ಡೆಗಳ ಪಕ್ಕ ಒಬ್ಬರು ಮಾತ್ರ ಹೋಗುವಷ್ಟು ಜಾಗ. ಗೋಡೆ ಮುಂದೆ, ಇವಳು ಹಿಂದೆ.

“ಸಾರಿ ಕಣೆ.”

ಗೋಡೆ ತಿರುಗಲಿಲ್ಲ.

“ನಾನು ಹೆಸರು ಹೇಳ್ಲಿಲ್ಲ ಅಲ್ವಾ? ಕುರ್ಚಿ ಕೂಡ ಹೋಯ್ತು.”

ಗೋಡೆ ಗಕ್ಕನೆ ನಿಂತು ತಿರುಗಿದಳು. “ಅದಕ್ಕೆ ನಾನು ಥ್ಯಾಂಕ್ಸ್ ಹೇಳ್ಬೇಕಾ? ಬರೆದಿದ್ದು ಯಾರು?”

“ನಾನೇ,” ಎಂದಳು ವಕೀಲಮ್ಮ.

“ನಾನು ನಿಮ್ಮಂಗಡಿಗೆ ಯಾಕೆ ತಂದೆ ಗೊತ್ತಾ? ಬೇರೆ ಎರಡು ಅಂಗಡಿ ನಮ್ಮನೆಗೆ ಹತ್ರ ಇದೆ. ನಿಮ್ದು ಅಂತ ತಂದೆ,” ಎಂದು ಹೇಳಿ ಗೋಡೆ ಸರಸರ ಮುಂದೆ ಹೋದಳು. ಸಿಗ್ನಲ್ ಹತ್ತಿರ ನಡೆಯುವವರಿಗೆ ಕೆಂಪು ದೀಪ ಬಂದಿದ್ದರಿಂದ ಅಲ್ಲಿ ನಿಲ್ಲಲೇಬೇಕಾಯಿತು. ವಕೀಲಮ್ಮ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ನಿಂತುಬಿಟ್ಟಳು. ಮುಂದೆ ಹೋಗಲು ಧೈರ್ಯ ಬರಲಿಲ್ಲ.

“ಏಯ್ ವಕೀಲಮ್ಮ. ಸ್ವಲ್ಪ ಈ ಕಡೆ ಬಾ.”

ಸ್ಪೀಕರ್ ಬಂದಿದ್ದ. ಓಡಿಬಂದು ಏದುಸಿರು ಬಿಡುತ್ತಿದ್ದ. ಅವನ ಗಂಟಲಿನಿಂದ ಇಷ್ಟು ಸಣ್ಣ ಧ್ವನಿಯೂ ಬರುತ್ತದೆ ಎಂದು ವಕೀಲಮ್ಮನಿಗೆ ಗೊತ್ತೇ ಇರಲಿಲ್ಲ.

“ಏನೋ? ಇನ್ನೂ ಊ ಅನ್ನೋದು ಬಾಕಿ ಇದೆಯಾ?”

“ಅಲ್ಲ ಕಣೆ. ಒಂದು ಡೌಟು.” ಅವನು ಹಿಂದೆ ಮುಂದೆ ನೋಡಿದ. “ಗೊಂಬೇನೇ ಆಗ್ಬೇಕಾ? ಬಸ್ಸಾದ್ರೆ?”

“ಏನು ಬಸ್ಸು?”

“ಆಟದ ಬಸ್ಸು. ಚಿಕ್ಕದು, ಕೆಂಪಂದು. ಪಕ್ಕದಲ್ಲೇನೂ ಇಟ್ಕೊಳ್ಳಲ್ಲ. ದಿಂಬಿನ ಕೆಳಗೆ ಇರುತ್ತೆ, ಕೈ ಮಾತ್ರ ಅದರ ಮೇಲೆ ಇಟ್ಟಿರ್ತೀನಿ. ಅದು ಲೆಕ್ಕಕ್ಕೆ ಬರುತ್ತಾ?”

ವಕೀಲಮ್ಮ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡಿದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಬೆಂಚು ಬಡಿದವನು ಇವನೇ. ಈಗ ಶೂ ತುದಿಯಿಂದ ಮಣ್ಣು ಕೆದಕುತ್ತಿದ್ದ.

“ಬರುತ್ತೆ,” ಎಂದಳು.

“ಹಂಗಂದ್ಕೊಂಡೆ.” ಅವನು ಉಗುಳು ನುಂಗಿದ. “ಹಂಗಾದ್ರೆ ನಿನ್ನ ಸಾಲು ಸುಳ್ಳಲ್ಲ. ಸುಮ್ನೆ ಕುರ್ಚಿ ಕಳ್ಕೊಂಡೆ. ಸೋಮವಾರ ಮಿಸ್‌ಗೆ ಹೇಳ್ಲಾ? ಕ್ಲಾಸಲ್ಲೇ ಹೇಳ್ಬೇಕಾಗುತ್ತೆ ಅನ್ಸುತ್ತೆ, ಅಲ್ವಾ? ಹೇಳಿದ್ರೆ ನಿಂಗೆ ಕುರ್ಚಿ ವಾಪಸ್ ಸಿಗುತ್ತೆ.”

ಕುರ್ಚಿ, ವಿಸಲ್, ಹೊಸ ಹಾಳೆ ಎಲ್ಲವೂ ವಕೀಲಮ್ಮನ ಕಣ್ಣ ಮುಂದೆ ಬಂದು ನಿಂತವು. ಅವಳು ಒಂದು ‘ಹೂಂ’ ಅಂದರೆ ಸಾಕಿತ್ತು. ಅವನು ಹೇಳಿದಂತೆಯೇ ಮಾಡುತ್ತಿದ್ದ. ಆದರೆ ಹೇಳುವಾಗ ಅವನ ಕಿವಿಯ ತುದಿಯೂ ಕೆಂಪಗಾಗಿತ್ತು.

“ಬೇಡ,” ಎಂದಳು.

“ನಿಜವಾಗ್ಲೂ?”

“ಬೇಡ ಅಂದ್ನಲ್ಲ. ಹೋಗೋ, ನಿನ್ನ ಬಸ್ ಕಾಯ್ತಿರುತ್ತೆ.”

ಸ್ಪೀಕರ್ ಒಂದು ಕ್ಷಣ ಬೆಪ್ಪಾದ. ಆಮೇಲೆ ಕಿಸಕ್ಕೆಂದು ನಕ್ಕು, ಬಂದ ದಾರಿಯಲ್ಲೇ ಓಡಿದ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ವಕೀಲಮ್ಮ ನೋಡಿದಳು. ಇವತ್ತು ಕ್ಲಾಸಿನಲ್ಲಿ ಎಷ್ಟೊಂದು ‘ನೋ’ ಕೇಳಿಸಿತ್ತು. ಅದರಲ್ಲಿ ಇನ್ನೆಷ್ಟು ಇಂಥವು ಇದ್ದವೋ ಏನೋ.

ಅವಳು ಸಿಗ್ನಲ್ ಹತ್ತಿರ ಹೋಗಿ ಗೋಡೆಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಳು. ಬಸ್ಸು, ಲಾರಿ, ಸೈಕಲ್ಲು ಹೋಗುತ್ತಲೇ ಇದ್ದವು. ಕೆಂಪು ದೀಪ ಹಾಗೇ ಉರಿಯುತ್ತಿತ್ತು.

“ಅವನು ಏನಂದ?” ಗೋಡೆ ಅತ್ತ ಕಡೆಯೇ ನೋಡುತ್ತಾ ಕೇಳಿದಳು. “ನನ್ನ ಹೆಸರು ಕೇಳಿದ್ನಾ?”

“ಇಲ್ಲ. ನಿನ್ನ ವಿಷಯ ಅಲ್ಲ.”

“ಮತ್ತೆ?”

ವಕೀಲಮ್ಮನ ನಾಲಿಗೆ ತುದಿಯಲ್ಲೇ ಇತ್ತು ಆ ಮಾತು. ಹೇಳಿಬಿಟ್ಟರೆ ಗೋಡೆ ಪಕ್ಕನೆ ನಗುತ್ತಾಳೆ. ಸ್ಪೀಕರ್‌ಗೂ ಒಂದು ಬಸ್ಸಿದೆಯಂತೆ ಎಂದು ಗೊತ್ತಾದರೆ ಅವಳ ಮುಖದ ಬಿಗಿಯೆಲ್ಲ ಇಳಿದುಹೋಗುತ್ತದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆಗೆ ಹೋಗಬಹುದು. ಹೇಳಲು ಒಂದಲ್ಲ, ಐದು ಒಳ್ಳೆಯ ಕಾರಣಗಳಿದ್ದವು.

“ಅದು ಅವನ ವಿಷಯ ಕಣೆ,” ಎಂದಳು. “ನಂಗೆ ಹೇಳೋಕಾಗಲ್ಲ.”

ಈಗ ಗೋಡೆ ತಿರುಗಿ ನೋಡಿದಳು. “ನನ್ನ ವಿಷಯ ಮಾತ್ರ ಹೇಳೋಕಾಯ್ತು.”

“ಹೂಂ. ಹಾಳೆ ಬರೆಯೋವಾಗ ಆಯ್ತು.” ವಕೀಲಮ್ಮನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. “ಇವತ್ತು ಆಗ್ತಿಲ್ಲ.”

ಗೋಡೆ ಬ್ಯಾಗನ್ನು ಭುಜಕ್ಕೆ ಏರಿಸಿಕೊಂಡಳು. ಅವಳನ್ನು ನೋಡುತ್ತಾ ನಿಂತಳು. ಚೆಂಡು ಯಾವ ಕಡೆಯಿಂದ ಬರುತ್ತದೆ ಎಂದು ಕಾಯುವಾಗ ಅವಳು ಹೀಗೇ ನೋಡುತ್ತಾಳೆ. ಪಕ್ಕದಲ್ಲಿ ಒಬ್ಬ ಅಜ್ಜಿ ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

ಹಸಿರು ದೀಪ ಬಂತು. ಜನ ನುಗ್ಗಿದರು. ಗೋಡೆ ಎರಡು ಹೆಜ್ಜೆ ಇಟ್ಟವಳು ನಿಂತು ಹಿಂದೆ ನೋಡಿದಳು.

“ಬಾರೇ, ಮತ್ತೆ ಕೆಂಪಾಗುತ್ತೆ.”

ವಕೀಲಮ್ಮನಿಗೆ ಹೇಳಬೇಕಾದ್ದು ಇನ್ನೂ ಬಹಳ ಇತ್ತು. ಅವಳು ಒಂದೂ ಹೇಳಲಿಲ್ಲ. ಓಡಿಹೋಗಿ ಗೋಡೆಯ ಪಕ್ಕ ಸೇರಿಕೊಂಡು, ಸುಮ್ಮನೆ ರಸ್ತೆ ದಾಟಿದಳು.